ಮಗುವಿನ ಹಬ್ಬ, ಹಿರಿಯರ ವ್ರತ

ಭಗವಂತನಿಗೆ ನಿವೇದಿಸಿದ ಅನ್ನವನ್ನು ಬಂಧುಬಾಂಧವರೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದೇ ಹಬ್ಬದ ಪರಿಪೂರ್ಣತೆಯೆಂದು ನಾವು ತಿಳಿದುಬಂದಿದ್ದೇವೆ. ಆದರೆ ಆ ಎಲೆಯ ಮೇಲಿನ ಒಂದು ತುತ್ತೇ ಯಾವ ಮಗುವಿನ ಪ್ರಾಣಕ್ಕೆ ಅಪಾಯವೋ, ಆ ಮಗುವಿಗೆ ಹಬ್ಬವಿಲ್ಲವೆ? ಪ್ರಸಾದವನ್ನು ಬೇಡವೆನ್ನುವುದು ದೋಷವೆ? ನಮ್ಮ ಮನೆಯ ಐದು ವರ್ಷದ ಮಗುವಿಗೆ ಹಾಲು, ಎಳ್ಳು, ನೆಲಗಡಲೆ ಈ ಮೂರೂ ವರ್ಜ್ಯವಾದುದರಿಂದ, ಇದು ನಮಗೆ ಕೇವಲ ಚರ್ಚೆಯ ವಿಷಯವಾಗಿ ಉಳಿದಿಲ್ಲ.

ವೈದ್ಯರು ಇದನ್ನು ಅಲರ್ಜಿ ಎನ್ನುತ್ತಾರೆ. ಈ ಶಬ್ದವನ್ನು ೧೯೦೬ರಲ್ಲಿ ರೂಪಿಸಿದವರು ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ರೋಗದಿಂದ ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ನಿರುಪದ್ರವಿಯಾದ ಆಹಾರವನ್ನು ಶತ್ರುವೆಂದು ಭ್ರಮಿಸಿ ಅದರ ಮೇಲೆ ಎರಗುವುದು ಇದರ ಸ್ವರೂಪ. ಮೈಮೇಲೆ ದದ್ದುಗಳು ಏಳುತ್ತವೆ, ತುಟಿ ಊದಿಕೊಳ್ಳುತ್ತದೆ; ತೀವ್ರವಾದಾಗ ಉಸಿರಾಟವೇ ಕಟ್ಟುತ್ತದೆ. ಆಗ ಅಡ್ರಿನಲಿನ್ ಚುಚ್ಚುಮದ್ದನ್ನು ಒಡನೆಯೇ ಕೊಡಬೇಕಾಗುತ್ತದೆ. ಇದು ಅಜೀರ್ಣವಲ್ಲ, ಮಗುವಿನ ಹಟವೂ ಅಲ್ಲ. ಪಾಯಸದಲ್ಲಿ ಅದ್ದಿದ ಸೌಟನ್ನು ಅನ್ನಕ್ಕೆ ಹಾಕಿದರೂ ಅನರ್ಥವಾಗಬಹುದು. ‘ದೇವರ ಪ್ರಸಾದ, ಚಿಟಿಕೆಯಷ್ಟು ತಿಂದರೆ ಏನಾದೀತು’ ಎಂಬ ವಾತ್ಸಲ್ಯದ ಮಾತಿಗೇ ನಾವು ಹೆಚ್ಚು ಹೆದರಬೇಕಾಗಿದೆ.

ದೋಷದ ಪ್ರಶ್ನೆಗೆ ಉತ್ತರ ನಮ್ಮ ಆಚರಣೆಯಲ್ಲಿಯೇ ಇದೆ. ಏಕಾದಶಿಯಂದು ನಾವು ಅನ್ನಪ್ರಸಾದವನ್ನು ಸ್ವೀಕರಿಸುವುದಿಲ್ಲ. ಅದರಿಂದ ಭಗವಂತನಿಗೆ ಅನಾದರವಾಯಿತೆಂದು ಯಾರೂ ಹೇಳರು. ಪ್ರಸಾದವೆಂದರೆ ಅನುಗ್ರಹವೇ ಹೊರತು ಭಕ್ಷ್ಯವೊಂದೇ ಅಲ್ಲ. ಗಂಧ, ತುಳಸಿ, ಹೂವು, ಮಂತ್ರಾಕ್ಷತೆಗಳೂ ಪ್ರಸಾದವೇ. ಪಂಚಾಮೃತಕ್ಕೆ ಕೈಯೊಡ್ಡಲಾಗದ ಮಗು ಮಂತ್ರಾಕ್ಷತೆಗೆ ತಲೆಯೊಡ್ಡಿದರೆ ಅದಕ್ಕೆ ದೊರೆತದ್ದರಲ್ಲಿ ಕೊರತೆಯಿಲ್ಲ.

ಇದಕ್ಕಿಂತ ಕಠಿನವಾದ ಪ್ರಶ್ನೆ ಇನ್ನೊಂದಿದೆ. ‘ಇರಲಿ ಬಿಡಿ, ಮಗುವಿಗೆ ಇದೂ ಒಂದು ವ್ರತ’ ಎಂದು ಹಿರಿಯರು ಸಮಾಧಾನ ಹೇಳುವುದುಂಟು. ಇದನ್ನು ನಾವು ಒಪ್ಪಲಾರೆವು. ವ್ರತಕ್ಕೆ ಸಂಕಲ್ಪ ಬೇಕು, ಸಮಾಪ್ತಿಯೂ ಬೇಕು. ಚಾತುರ್ಮಾಸ್ಯದ ಮೂರನೆಯ ಮಾಸದಲ್ಲಿ ನಾವು ತಿಳಿದು, ಮನಸಾರೆ ಹಾಲನ್ನು ಬಿಡುತ್ತೇವೆ. ಮಾಸ ಕಳೆದೊಡನೆ ಹಾಲು ಮತ್ತೆ ಒಲೆಗೇರುತ್ತದೆ. ಮಗುವಿಗಾದರೋ ಸಂಕಲ್ಪವೂ ಇಲ್ಲ, ಸಮಾಪ್ತಿಯ ದಿನವೂ ಇಲ್ಲ. ಬೆಳೆದಂತೆ ಅನೇಕ ಮಕ್ಕಳಿಗೆ ಹಾಲು ಒಗ್ಗುವುದು ನಿಜ. ನೆಲಗಡಲೆಯ ವಿಷಯದಲ್ಲಿ ಹಾಗಾಗುವುದು ವಿರಳ. ತಾನು ಆರಿಸಿಕೊಳ್ಳದ ನಿರ್ಬಂಧಕ್ಕೆ ವ್ರತವೆಂದು ಹೆಸರಿಟ್ಟರೆ ಸಮಾಧಾನ ನಮಗೆ, ಹಸಿವು ಮಗುವಿಗೆ.

ಸಂಕಲ್ಪ ಮಾಡಬಲ್ಲವರು ನಾವು. ಆದುದರಿಂದ ವ್ರತವೂ ನಮ್ಮದಾಗಬೇಕು. ಇದಕ್ಕೆ ಬೇಕಾದ ಕೌಶಲ ನಮ್ಮ ಅಡಿಗೆಮನೆಗಳಿಗೆ ಹೊಸದಲ್ಲ. ನವರಾತ್ರಿಯು ಕ್ಷೀರವ್ರತದ ಕಾಲದಲ್ಲಿಯೇ ಬರುತ್ತದೆ. ಹಾಲಿಲ್ಲದೆ, ತೆಂಗಿನಹಾಲಿನ ಪಾಯಸದಿಂದ ಆ ಹಬ್ಬ ಸಾಂಗವಾಗಿ ನಡೆಯುತ್ತದೆ. ಒಂದು ಎಚ್ಚರ ಮಾತ್ರ ಬೇಕು: ವ್ರತದಲ್ಲಿ ಮೊಸರು ತುಪ್ಪಗಳಿಗೆ ನಿಷೇಧವಿಲ್ಲ, ಇಂತಹ ಮಗುವಿಗೆ ಅವೂ ವರ್ಜ್ಯ. ತುಪ್ಪದಲ್ಲಿಯೂ ಹಾಲಿನ ಅಂಶ ಉಳಿದಿರಬಹುದು.

ಸಂಕ್ರಾಂತಿಯನ್ನೇ ನೋಡೋಣ. ಆ ದಿನ ಮನೆಮನೆಗೆ ಬೀರುವುದು ಎಳ್ಳು, ನೆಲಗಡಲೆ ಬೆರೆತ ಮಿಶ್ರಣ. ಸಕ್ಕರೆ ಅಚ್ಚಿನ ಪಾಕವನ್ನು ತಿಳಿಯಾಗಿಸಲು ಹಾಲು ಹಾಕುವುದು ರೂಢಿ. ನಮ್ಮ ಮನೆಯಲ್ಲಿ ಈಗ ಬೆಲ್ಲ, ಕೊಬ್ಬರಿ, ವೈದ್ಯರು ಒಪ್ಪಿದ ಹುರಿಗಡಲೆ ಇಷ್ಟನ್ನೇ ಬೆರೆಸಿ, ಮಗುವಿನ ಕೈಯಿಂದಲೇ ನೆರೆಯವರಿಗೆ ಕೊಡಿಸುತ್ತೇವೆ. ಅವರು ಕೊಡುವುದನ್ನು ತಾನು ತಿನ್ನಲಾಗದಿದ್ದರೂ ಕೊಡುವ ಸಂತೋಷ ಅದಕ್ಕಿದೆ. ಎಲಚಿಹಣ್ಣು, ಕಬ್ಬಿನ ತುಂಡು, ನಾಣ್ಯಗಳನ್ನು ತಲೆಯ ಮೇಲೆ ಎರೆದಾಗ ಅದು ನಗುವ ನಗುವಿಗೆ ಯಾವ ಪಥ್ಯವೂ ಇಲ್ಲ. ದೀಪಾವಳಿಯ ಅಭ್ಯಂಜನಕ್ಕೆ ಎಳ್ಳೆಣ್ಣೆಯ ಬದಲು ಕೊಬ್ಬರಿ ಎಣ್ಣೆ. ಚೌತಿಗೆ ತುಪ್ಪ ಸೋಕದ ಕಾಯಿಕಡುಬು. ಅಷ್ಟಮಿಯಂದು ಮುದ್ದುಕೃಷ್ಣನ ವೇಷ ತೊಟ್ಟಾಗ ಬೆಣ್ಣೆಯ ಗಡಿಗೆಯಲ್ಲಿ ಹತ್ತಿಯನ್ನಿಟ್ಟೆವು. ‘ಕೃಷ್ಣನಿಗೆ ಬೆಣ್ಣೆ ಒಗ್ಗುತ್ತದೆ, ನನಗೇಕೆ ಇಲ್ಲ?’ ಎಂದು ಅದು ಕೇಳಿತು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆದರೆ ಆ ದಿನ ಮನೆಯಲ್ಲಿ ಯಾರೂ ಬೆಣ್ಣೆ ಮುಟ್ಟಲಿಲ್ಲವೆಂಬುದನ್ನು ಮಗು ಗಮನಿಸಿತು. ಗಡಿಗೆಯ ಹತ್ತಿಯನ್ನು ಎಲ್ಲರಿಗೂ ‘ಬಡಿಸಿ’ ಸಂತೋಷಪಟ್ಟಿತು.

ಅಂಗಡಿಯ ಪೊಟ್ಟಣಗಳ ಮೇಲೆ ಹಾಲು, ನೆಲಗಡಲೆ ಮೊದಲಾದವು ಇದ್ದರೆ ನಮೂದಿಸಬೇಕೆಂದು ೨೦೨೦ರ ಆಹಾರ ಲೇಬಲು ನಿಯಮಗಳು ವಿಧಿಸಿವೆ. ಪಂಕ್ತಿಯ ಅನ್ನಕ್ಕೆ ಅಂತಹ ಚೀಟಿಯಿಲ್ಲ; ಬಡಿಸುವವರ ಮಾತೇ ಅಲ್ಲಿ ಪ್ರಮಾಣ. ಆದುದರಿಂದ ಅಡಿಗೆಯವರಲ್ಲಿಯೂ ಬಡಿಸುವವರಲ್ಲಿಯೂ ನಮ್ಮ ವಿನಂತಿಯಿಷ್ಟು: ಗೊಜ್ಜಿಗೆ ಎಳ್ಳು ಹುರಿದು ಹಾಕಿದೆಯೆ, ಅನ್ನಕ್ಕೆ ತುಪ್ಪ ಬೆರೆತಿದೆಯೆ ಎಂದು ತಾಯಿಯೊಬ್ಬಳು ಕೇಳಿದರೆ ಬೇಸರಿಸದೆ ಉಳ್ಳದ್ದನ್ನು ಹೇಳಿರಿ, ತಿಳಿಯದಿದ್ದರೆ ತಿಳಿಯದೆನ್ನಿರಿ. ಬೇರೆ ಪಾತ್ರೆ, ಬೇರೆ ಸೌಟಿನಿಂದ ಒಂದಿಷ್ಟು ಅನ್ನವನ್ನು ಮೊದಲೇ ತೆಗೆದಿಡಿರಿ. ಮನೆಯಿಂದ ತಂದ ಬುತ್ತಿಯನ್ನು ಬಿಚ್ಚಿಕೊಂಡ ಮಗುವನ್ನು ಮೂಲೆಗೆ ಕಳುಹಿಸದೆ ಪಂಕ್ತಿಯಲ್ಲಿಯೇ ಕೂಡಿಸಿರಿ.