ದೀಪ ಮಾತ್ರ ಹತ್ತಬಾರದು

ಬೈಕಿನ ಸೈಲೆನ್ಸರಿನಿಂದ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಲು ಹೋಗುವವರು ಗ್ಯಾರೇಜಿನಲ್ಲಿ ಎರಡು ಮಾತು ಹೇಳುತ್ತಾರೆ. ಅದು ಹೋಗಬೇಕು. ಮೀಟರಿನಲ್ಲಿ ಚೆಕ್ ಎಂಜಿನ್ ದೀಪ ಮಾತ್ರ ಹತ್ತಬಾರದು. ಮೊದಲನೆಯದರ ಬಗ್ಗೆ ಕಾನೂನಿಗೆ ಗೊಂದಲವಿಲ್ಲ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ನನ್ನನ್ನು ಕೆಣಕುವುದು ಎರಡನೆಯ ಮಾತು.

ಕನ್ವರ್ಟರ್ ಅಂದರೆ ಜೇನುಗೂಡಿನಂಥ ಒಂದು ತುಂಡು. ಅದರ ಗೋಡೆಗಳಿಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂನಂಥ ದುಬಾರಿ ಲೋಹಗಳ ತೆಳು ಲೇಪ. ಕಾರ್ಬನ್ ಮೊನಾಕ್ಸೈಡ್, ಅರೆ ಉರಿದ ಪೆಟ್ರೋಲು, ನೈಟ್ರೋಜನ್ ಆಕ್ಸೈಡುಗಳು ಅದರ ಮೂಲಕ ಹಾದುಹೋಗುವಾಗ ಬಹುಪಾಲು ಕಾರ್ಬನ್ ಡೈಆಕ್ಸೈಡ್, ನೀರು, ನೈಟ್ರೋಜನ್ ಆಗುತ್ತವೆ. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್6ರಲ್ಲಿ ಪೆಟ್ರೋಲ್ ಬೈಕು ಕಿಲೋಮೀಟರಿಗೆ 60 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೋಜನ್ ಆಕ್ಸೈಡ್ ಬಿಡುವಂತಿಲ್ಲ. ಈಚಿನ ಹಲವು ಬೈಕುಗಳಲ್ಲಿ ಕನ್ವರ್ಟರಿನ ಆಚೆಗೂ ಒಂದು ಆಮ್ಲಜನಕದ ಸೆನ್ಸರ್ ಕೂತಿರುತ್ತದೆ. ಕನ್ವರ್ಟರ್ ಕೆಲಸ ಮಾಡದಿದ್ದರೆ ಅದು ಇಸಿಯುಗೆ ತಿಳಿಸುತ್ತದೆ, ದೀಪ ಹತ್ತುತ್ತದೆ. ಹಾಗಾಗಿ ತೆಗೆಸುವವರಿಗೆ ಇನ್ನೊಂದು ವ್ಯವಸ್ಥೆ ಬೇಕು: ಎಲ್ಲ ಸರಿಯಿದೆ ಎಂದು ಸುಳ್ಳು ಸಿಗ್ನಲ್ ಕೊಡುವ ಚಿಕ್ಕದೊಂದು ಸಾಧನ, ಅಥವಾ ಸಾಫ್ಟ್‌ವೇರಿನಲ್ಲಿ ಆ ತಪಾಸಣೆಯನ್ನೇ ನಿಲ್ಲಿಸುವ ಬದಲಾವಣೆ.

ನಮ್ಮ ಮನೆಯಲ್ಲೇ ಇದ್ದು ಓದುತ್ತಿರುವ ಅಕ್ಕನ ಮಗ ಇದರ ದೊಡ್ಡ ವಕೀಲ. ಅವನ ದೂರೂ ಪೂರ್ತಿ ಸುಳ್ಳಲ್ಲ. ಆ ತುಂಡು ಕೆಲಸ ಮಾಡುವುದೇ ನೂರಾರು ಡಿಗ್ರಿ ಶಾಖದಲ್ಲಿ. ಮೇ ತಿಂಗಳಲ್ಲಿ ಸಯನ್ ಸಿಗ್ನಲ್ಲಿನಲ್ಲಿ ನಿಂತವನ ಕಾಲಿಗೆ ಅದು ಗೊತ್ತು. ಸದ್ದಿನ ಆಸೆಯೂ ಇದೆ, ಅದನ್ನವನು ಮುಚ್ಚಿಡುವುದಿಲ್ಲ. ಕೊನೆಗೆ ಕಿಟಕಿಯಾಚೆ ಮಾಹುಲ್ ಕಡೆ ಕೈ ತೋರಿಸುತ್ತಾನೆ: "ಮಾವ, ಚೆಂಬೂರಿನಲ್ಲಿ ಕೂತು ನನ್ನ ಒಂದು ಬೈಕಿನ ಹೊಗೆ ಲೆಕ್ಕ ಹಾಕ್ತೀರಲ್ಲ, ಆ ರಿಫೈನರಿ ಚಿಮಣಿ ನಿಮಗೆ ಕಾಣೋದಿಲ್ವಾ?"

ಕಾಣುತ್ತದೆ. ಕೆಲವು ರಾತ್ರಿ ವಾಸನೆಯೂ ಬರುತ್ತದೆ. ಆದರೆ ಮಾಹುಲ್‌ನವರ ಕತೆ ಅವನ ವಾದಕ್ಕೆ ಒದಗುವಂಥದ್ದಲ್ಲ. ಅಲ್ಲಿನ ಗಾಳಿ ಆರೋಗ್ಯಕ್ಕೆ ಅಪಾಯ ಎಂದು 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಒಪ್ಪಿತು. 2019ರಲ್ಲಿ, ಅಲ್ಲಿನ ಪುನರ್ವಸತಿ ಕಟ್ಟಡಗಳಲ್ಲಿ ಇರಲಾರದವರಿಗೆ ಬಾಡಿಗೆ ಹಣ ಕೊಡಿ ಎಂದು ಬಾಂಬೆ ಹೈಕೋರ್ಟ್ ಸರ್ಕಾರಕ್ಕೆ ಹೇಳಿತು. ಅಲ್ಲಿಯವರೆಗೆ ಹೋಗಲು ಆ ಜನರ ಕೈಯಲ್ಲಿದ್ದದ್ದು ಕೆಇಎಂ ಆಸ್ಪತ್ರೆಯ ಸಮೀಕ್ಷೆ, ಗಾಳಿಯ ಅಳತೆಗಳು, ತಮ್ಮದೇ ಕೆಮ್ಮು. ಅಂದರೆ ಸಾಕ್ಷಿ. ಅವರ ಹೊಗೆಯನ್ನು ನೆಪ ಮಾಡಿಕೊಂಡು ನಾವು ಇನ್ನೊಂದು ಸಾಕ್ಷಿಯ ಬಾಯಿ ಕಟ್ಟುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಎಚ್ಚರಿಕೆಯ ಸದ್ದನ್ನು ಅಡಗಿಸುವುದೆಲ್ಲ ತಪ್ಪೇ ಎಂದರೆ ಅಲ್ಲ. ಕಾರಿನ ಪಕ್ಕದ ಸೀಟಿನಲ್ಲಿ ತರಕಾರಿ ಚೀಲ ಇಟ್ಟಾಗ ಬೆಲ್ಟ್ ಹಾಕು ಎಂದು ಕಿರಿಚುತ್ತದೆ. ಬಾಯಿ ಮುಚ್ಚಿಸಿದರೆ ಯಾರಿಗೂ ನಷ್ಟವಿಲ್ಲ. ಅದು ಸುಳ್ಳು ಕೂಗು. ಕನ್ವರ್ಟರಿನ ದೀಪವೂ ಹಾಗೆಯೇ ಅಂತೆ, ಅಳಿಯನ ಪ್ರಕಾರ: "ಎಂಜಿನ್ನಿಗೆ ಏನೂ ಆಗಿರೋದಿಲ್ಲ." ಎಂಜಿನ್ನಿಗೆ ಆಗಿರುವುದಿಲ್ಲ, ನಿಜ. ಆದರೆ ದೀಪ ಎಂಜಿನ್ನಿನ ಪರವಾಗಿ ಉರಿಯುತ್ತಿಲ್ಲ. ಹಿಂದೆ ರಿಕ್ಷಾದಲ್ಲಿ ಕೂತ ಹೆಂಗಸು, ಡಿವೈಡರಿನ ಮೇಲೆ ಹೂ ಮಾರುವ ಹುಡುಗಿ, ಇವರಿಗೆ ಆ ಮೀಟರು ಕಾಣುವುದಿಲ್ಲ. ಅವರ ಪರವಾಗಿ ಅದು ಸವಾರನ ಕಣ್ಣೆದುರು ಉರಿಯುತ್ತದೆ. ಸವಾರನಿಗೆ ಅದು ಕಿರಿಕಿರಿ ಅನ್ನಿಸುವುದೂ ಅದಕ್ಕೇ ಇರಬೇಕು, ಅದರಲ್ಲಿ ಅವನ ಲಾಭದ ಮಾತೇ ಇಲ್ಲ.

ನನ್ನ ಉದ್ಯೋಗದವರಿಗೆ ಇದು ಹೊಸದಲ್ಲ. 2015ರ ಸೆಪ್ಟೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಸಿಕ್ಕಿಬಿದ್ದದ್ದು ನೆನಪಿರಬಹುದು. ಪರೀಕ್ಷೆ ನಡೆಯುತ್ತಿದೆ ಎಂದು ಗುರುತಿಸಿ ಆಗ ಮಾತ್ರ ಹೊಗೆ ತಗ್ಗಿಸುವ ಸಾಫ್ಟ್‌ವೇರ್, ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಡೀಸೆಲ್ ಕಾರುಗಳಲ್ಲಿ. ಆ ಕೋಡು ತಾನಾಗಿ ಹುಟ್ಟಿದ್ದಲ್ಲ. ಯಾರೋ ಕೇಳಿದರು, ಯಾರೋ ಬರೆದರು, ಇನ್ಯಾರೋ ಅದು ಸರಿಯಾಗಿ ಓಡುತ್ತದೆಯೇ ಎಂದು ಪರೀಕ್ಷಿಸಿದರು. ಇಪ್ಪತ್ತು ವರ್ಷ ರಿಕ್ವೈರ್‌ಮೆಂಟ್ ಓದಿದವನಾಗಿ ಹೇಳುತ್ತೇನೆ: "ಇದಾಗಬೇಕು, ಆದರೆ ಗೊತ್ತಾಗಬಾರದು" ಎಂಬ ವಾಕ್ಯದಲ್ಲಿ "ಆದರೆ"ಯ ನಂತರದ್ದನ್ನು ಮೊದಲು ಓದಬೇಕು. ಮೊದಲ ಅರ್ಧ ಎಂಥದ್ದೆಂದು ಬರೆದವನೇ ಅಲ್ಲಿ ಒಪ್ಪಿಕೊಂಡಿರುತ್ತಾನೆ.

ಕನ್ವರ್ಟರ್ ತೆಗೆಸಿ, ದೀಪ ಉರಿಯುತ್ತಲೇ ಇರಲಿ ಎಂದು ಓಡಾಡುವವನಿದ್ದಾನೆ ಎನ್ನಿ. ಗಾಳಿಗೆ ಇಬ್ಬರೂ ಒಂದೇ. ಆದರೂ ನಾನು ಇವನನ್ನು ಹೆಚ್ಚು ನಂಬುತ್ತೇನೆ. ಮೂರು ವರ್ಷದ ನಂತರ ಬೈಕು ಮಾರುವಾಗ ಕೊಳ್ಳುವವನು ದೀಪ ನೋಡಿ "ಇದೇನು?" ಎಂದು ಕೇಳಬಹುದು. ಇನ್ನೊಬ್ಬನ ಬೈಕು ಕೊಂಡವನಿಗೆ ಕೇಳಲು ಪ್ರಶ್ನೆಯೇ ಇರುವುದಿಲ್ಲ. ಬೇರೊಬ್ಬನ ಸುಳ್ಳನ್ನು ತಾನು ಹಣ ಕೊಟ್ಟು ಮನೆಗೆ ತಂದಿರುತ್ತಾನೆ.

"ಪಿಯುಸಿ ಹೇಗೂ ಪಾಸಾಗತ್ತೆ ಮಾವ," ಅನ್ನುತ್ತಾನೆ ಅಳಿಯ. ಆಗಲೂಬಹುದು. ಪೆಟ್ರೋಲ್ ಪಂಪಿನ ಪಕ್ಕದ ವ್ಯಾನಿನಲ್ಲಿ ನಿಂತ ಬೈಕಿನ ಸೈಲೆನ್ಸರಿಗೆ ನಳಿಕೆ ತೂರಿಸಿ ನೋಡುವುದು ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಮಾತ್ರ. ಆ 60 ಮಿಲಿಗ್ರಾಂ ನೈಟ್ರೋಜನ್ ಆಕ್ಸೈಡಿಗೆ ಆ ಕಾಗದದಲ್ಲಿ ಒಂದು ಕಾಲಮ್ಮೂ ಇಲ್ಲ.