ತಲಬು ಬಂದರೆ ಪಾಪವೇ?



ಕುಡಿತ ಬಿಟ್ಟವನಿಗೆ ಮತ್ತೆ ಕುಡಿಯಬೇಕೆಂಬ ಆಸೆ ಬಂದರೆ ಅದು ಪಾಪವೇ? ಬಿಟ್ಟು ಇಪ್ಪತ್ತು ದಿನವಾಗಿರುತ್ತದೆ. ಹೆಂಡತಿಯ ಮುಖದಲ್ಲಿ ಗೆಲುವು ಬಂದಿರುತ್ತದೆ, ಮಕ್ಕಳು ಹತ್ತಿರ ಬಂದು ಕೂಡುತ್ತಿರುತ್ತಾರೆ. ಒಂದು ಸಂಜೆ ಕುಂದಗೋಳದಿಂದ ಮೆಣಸಿನಕಾಯಿ ಮಾರಿದ ದುಡ್ಡಿನೊಂದಿಗೆ ಊರಿಗೆ ಮರಳುವಾಗ ಧಾಬಾದ ಕಡೆಯಿಂದ ವಾಸನೆ ಬರುತ್ತದೆ. ಬಾಯಲ್ಲಿ ನೀರೂರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಅವನು ಒಳಗೆ ಹೋಗುವುದಿಲ್ಲ. ಆದರೂ ‘ನಾ ಇನ್ನೂ ಕುಡುಕನ ಅದೀನಿ’ ಎಂದುಕೊಂಡು ಮನೆಗೆ ಬರುತ್ತಾನೆ. ಮುಂದಿನ ಭಾನುವಾರ ಪೂಜೆಯಲ್ಲಿ ಹಿಂದಿನ ಸಾಲಿನಲ್ಲೇ ಉಳಿಯುತ್ತಾನೆ, ಪರಮಪ್ರಸಾದಕ್ಕೆ ಏಳುವುದಿಲ್ಲ. ಅಂಥವರನ್ನು ನೀವೂ ಕಂಡಿರಬಹುದು. ಅಥವಾ ಅವರು ನೀವೇ ಇರಬಹುದು.

ನಮ್ಮ ಕಡೆ ಇದಕ್ಕೆ ತಲಬು ಎನ್ನುತ್ತಾರೆ. ಅದು ಹೊತ್ತುಗೊತ್ತು ಬಲ್ಲದ್ದು. ನವಲಗುಂದ, ಅಣ್ಣಿಗೇರಿಯ ಎರೆಭೂಮಿಯಲ್ಲಿ ಹೆಸರು, ಕಡಲೆ, ಹತ್ತಿ ಮಾರಿದಾಗ ದುಡ್ಡು ಒಂದೇ ಸಲ ಕೈಗೆ ಬರುತ್ತದೆ. ಆಗ ತಲಬೂ ಬರುತ್ತದೆ. ವಾರದ ಪಗಾರದ ದಿನ, ಸಂತೆಯ ದಿನ, ಮಳೆ ಕೈಕೊಟ್ಟು ಹೊಲ ಒಣಗಿದಾಗ, ಅಣ್ಣತಮ್ಮಂದಿರ ಜಗಳದ ದಿನ, ಎಲ್ಲಕ್ಕೂ ಅದು ತಪ್ಪದೆ ಹಾಜರು. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಸಾರಾಯಿ ಪ್ಯಾಕೆಟು ಹೋಯಿತು, ಅದರ ಜಾಗಕ್ಕೆ ಕ್ವಾರ್ಟರ್ ಬಾಟಲಿ ಬಂತು. ತಲಬಿಗೆ ಸರಕಾರದ ಆದೇಶ ತಟ್ಟಲಿಲ್ಲ.

ಮೊದಲು ದೇಹದ ಮಾತು. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು ಮನೆಯಲ್ಲೇ ಒಮ್ಮೆಲೇ ಬಿಡುವುದು ಅಪಾಯ. ಮೊದಲ ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಮೈನಡುಕ, ಗಾಬರಿ, ಇಲ್ಲದ್ದು ಕಾಣುವುದು, ಇಲ್ಲದ ದನಿ ಕೇಳುವುದು ಶುರುವಾಗುತ್ತದೆ. ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಕುತ್ತು. ಇದನ್ನು ದೆವ್ವ ಹಿಡಿಯಿತೆಂದು ತಿಳಿದು ರಾತ್ರಿಯಿಡೀ ಬರೀ ಜಪಸರ ಹೇಳುತ್ತ ಕೂಡಬೇಡಿ. ಜಪಸರವನ್ನು ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಹೇಳಿ. ಧಾರವಾಡದ ಡಿಮ್ಹಾನ್ಸ್‌ನಲ್ಲಿ ಇದಕ್ಕೆ ವೈದ್ಯರಿದ್ದಾರೆ. ಹೋಗುವ ಮೊದಲು ಮಾತಾಡಬೇಕೆಂದರೆ 14416 ಸಂಖ್ಯೆಗೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ, ಹಣ ಪಡೆಯದೆ, ಉತ್ತರಿಸುತ್ತಾರೆ.

ಆ ದಿನಗಳು ದಾಟಿದ ಮೇಲೆ ಉಳಿಯುವುದು ತಲಬು. ಅದು ಕೆರೆಯ ತೆರೆಯಂತೆ ಏಳುತ್ತದೆ, ಇಳಿಯುತ್ತದೆ. ಸಾಮಾನ್ಯವಾಗಿ ಕಾಲು ಗಂಟೆ, ಅರ್ಧ ಗಂಟೆಯಲ್ಲಿ ಅದರ ಜೋರು ಕುಗ್ಗುತ್ತದೆ. ಕುಡಿಯದಿದ್ದರೆ ಅದು ಏರುತ್ತಲೇ ಹೋಗುತ್ತದೆ ಎಂಬುದು ಅದೇ ಹೇಳುವ ಸುಳ್ಳು.

ಇನ್ನು ನಮ್ಮ ಪ್ರಶ್ನೆ. 1546ರಲ್ಲಿ ಟ್ರೆಂಟ್ ಮಹಾಸಭೆ ಸ್ಪಷ್ಟವಾಗಿಯೇ ಬೋಧಿಸಿತು: ಜ್ಞಾನಸ್ನಾನದ ನಂತರವೂ ಮನುಷ್ಯನಲ್ಲಿ ಕೆಟ್ಟದರತ್ತ ಎಳೆಯುವ ಒಲವು ಉಳಿದಿರುತ್ತದೆ, ಅದು ಹೋರಾಟಕ್ಕಾಗಿ ಉಳಿದದ್ದು, ಒಪ್ಪಿಗೆ ಕೊಡದವನಿಗೆ ಅದು ಕೇಡು ಮಾಡಲಾರದು. ಎಳೆತ ಬೇರೆ, ಒಪ್ಪಿಗೆ ಬೇರೆ. ವಾಸನೆಗೆ ಬಾಯಲ್ಲಿ ನೀರೂರಿದ್ದು ನಿಮ್ಮ ಅಪ್ಪಣೆ ಕೇಳಿ ಅಲ್ಲ. ಬೆಂಕಿ ತಗುಲಿದ ಕೈ ತಾನೇ ಹಿಂದೆ ಸರಿಯುವಂತೆ, ಚಟಕ್ಕೆ ಪಳಗಿದ ಮಿದುಳು ತಾನೇ ಮುಂದೆ ಸರಿಯಿತು. ಆ ಸಂಜೆ ಧಾಬಾ ದಾಟಿ ನಡೆದ ಮನುಷ್ಯ ಪಾಪ ಮಾಡಲಿಲ್ಲ. ಪುಣ್ಯದ ಕೆಲಸವನ್ನೇ ಮಾಡಿದ. ತಲಬೇ ಇಲ್ಲದವನು ಧಾಬಾ ದಾಟಿದರೆ ಅದರಲ್ಲೇನು ದೊಡ್ಡಸ್ತಿಕೆ? ಆ ಭಾನುವಾರ ಇಡೀ ಗುಡಿಯಲ್ಲಿ ಪರಮಪ್ರಸಾದದ ಬಲ ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದವನು ಅವನೇ ಇರಬಹುದು.

ಹಾಗಾದರೆ ಅವನಿಗೆ ಹೊಣೆಯೇ ಇಲ್ಲವೇ? ಇದೆ. ಆದರೆ ಅದು ತಲಬು ಬಂದ ಗಳಿಗೆಯದ್ದಲ್ಲ, ಅದಕ್ಕೆ ಮುಂಚಿನದು. ಯಾವ ದಾರಿಯಲ್ಲಿ ಹೋಗುತ್ತೇನೆ, ಯಾರ ಜೊತೆ ಹೋಗುತ್ತೇನೆ, ಕಿಸೆಯಲ್ಲಿ ಎಷ್ಟು ಇಟ್ಟುಕೊಳ್ಳುತ್ತೇನೆ ಎಂಬುದು ಬೆಳಿಗ್ಗೆ ತಣ್ಣಗಿನ ತಲೆಯಲ್ಲಿ ತೀರ್ಮಾನಿಸುವ ಸಂಗತಿ. ಪಾಪದ ಸಂದರ್ಭಗಳನ್ನು ತೊರೆಯಬೇಕೆಂದು ಧರ್ಮೋಪದೇಶದಲ್ಲಿ ಕಲಿತೆವಲ್ಲ, ಅದರ ಅರ್ಥ ಇದೇ.

ಡಬ್ಲಿನ್ ನಗರದ ಕೂಲಿಕಾರ ಮ್ಯಾಟ್ ಟಾಲ್ಬಟ್‌ಗೆ ಇದು ಚೆನ್ನಾಗಿ ತಿಳಿದಿತ್ತು. 1856ರಲ್ಲಿ ಹುಟ್ಟಿದ ಆತ ಹನ್ನೆರಡರ ವಯಸ್ಸಿಗೇ ಕುಡಿತ ಕಲಿತ. 1884ರಲ್ಲಿ ಒಂದು ದಿನ ಕಿಸೆ ಖಾಲಿಯಾಗಿ, ಯಾರಾದರೂ ಕುಡಿಸಿಯಾರೆಂದು ದಾರಿಯಲ್ಲಿ ನಿಂತ. ಇವನ ದುಡ್ಡಿನಲ್ಲಿ ಕುಡಿದಿದ್ದ ಗೆಳೆಯರೆಲ್ಲ ನೋಡಿಯೂ ನೋಡದಂತೆ ಹೋದರು. ಮನೆಗೆ ಬಂದು, ಬಿಡುತ್ತೇನೆಂದು ತಾಯಿಗೆ ಹೇಳಿ, ಗುರುಗಳ ಮುಂದೆ ಪ್ರತಿಜ್ಞೆ ಮಾಡಿದ. ಗಮನಿಸಿ, ಆ ಮೊದಲ ಪ್ರತಿಜ್ಞೆ ಜೀವನಪೂರ್ತಿಯದ್ದಲ್ಲ, ಮೂರು ತಿಂಗಳದ್ದು. ಅದು ಮುಗಿದ ಮೇಲೆ ಮತ್ತೆ ಮುಂದುವರಿಸಿದ, ಕೊನೆಗೆ ಬದುಕಿರುವವರೆಗೂ ಎಂದ. ಮೈಮೇಲೆ ಹಣ ಇಟ್ಟುಕೊಂಡು ತಿರುಗುವುದನ್ನೇ ಬಿಟ್ಟ. ಬೆಳಗಿನ ಪೂಜೆ ಮುಗಿಸಿ ಕೆಲಸಕ್ಕೆ ಹೋಗುತ್ತಿದ್ದ. 1925ರ ಜೂನ್ 7ರಂದು ಪೂಜೆಗೆ ಹೋಗುವ ದಾರಿಯಲ್ಲೇ ಕುಸಿದು ತೀರಿಕೊಂಡ. 1975ರಲ್ಲಿ ಧರ್ಮಸಭೆ ಆತನನ್ನು ‘ಪೂಜ್ಯ’ ಎಂದು ಘೋಷಿಸಿತು. ಪ್ರಾರ್ಥನೆಯ ಮನುಷ್ಯನೇ ಕಿಸೆ ಖಾಲಿ ಇಟ್ಟುಕೊಂಡ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಪ್ರಾರ್ಥನೆಯೊಂದೇ ಸಾಕು ಎನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಪ್ರವಾದಿ ಎಲೀಯನ ಕಥೆಯನ್ನೂ ನೆನೆಯಿರಿ. ಸಾಕಪ್ಪಾ ಸಾಕು, ಜೀವ ತೆಗೆದುಬಿಡು ಎಂದು ಅಡವಿಯ ಗಿಡದ ಬುಡದಲ್ಲಿ ಬಿದ್ದವನಿಗೆ ದೇವರು ಬುದ್ಧಿಮಾತು ಹೇಳಿ ಕಳಿಸಲಿಲ್ಲ. ದೂತನ ಕೈಯಲ್ಲಿ ರೊಟ್ಟಿ, ನೀರು ಕಳಿಸಿದರು. ತಿಂದು ಮಲಗಿದ, ಮತ್ತೆ ಎಬ್ಬಿಸಿ ತಿನ್ನಿಸಿದರು. ಮಾತುಕತೆ ಆಮೇಲೆ. ತಲಬು ಹೆಚ್ಚಾಗಿ ಹಸಿದವನನ್ನು, ಸಿಟ್ಟಿಗೆದ್ದವನನ್ನು, ಒಂಟಿಯಾದವನನ್ನು, ದಣಿದವನನ್ನು ಹುಡುಕಿ ಬರುತ್ತದೆ. ಹೊಲದಿಂದ ಬಂದವನಿಗೆ ಸಂಜೆ ಆರಕ್ಕೇ ಬಿಸಿ ರೊಟ್ಟಿ ಪಲ್ಯ ಕೊಡುವುದು, ಒಂದು ವಾಟಗ ಸಿಹಿ ಚಹಾ ಕೊಡುವುದು ಸಣ್ಣ ಸೇವೆಯೆಂದು ತಿಳಿಯಬೇಡಿ, ತಾಯಂದಿರೇ.

ನಿಮಗೆ ಇನ್ನೊಂದು ಮಾತು. ಗಂಡ ಬಾಗಿಲಿಗೆ ಬಂದ ಕೂಡಲೇ ಬಾಯಿ ಮೂಸಿ ನೋಡುವ ನಿಮ್ಮ ಸಂಕಟ ಅರ್ಥವಾಗುತ್ತದೆ, ಅಷ್ಟು ವರ್ಷ ಅನುಭವಿಸಿದ್ದೀರಿ. ಆದರೆ ‘ಇವತ್ತ ತಲಬ ಬಂದಿತ್ತೇನ್ರಿ?’ ಎಂದು ಕೇಳುವ ಮನೆಯಲ್ಲಿ ಅವನು ‘ಹೌದು, ಬಂದಿತ್ತು’ ಎನ್ನಬಲ್ಲ. ಹಾಗೆ ಬಾಯಿಬಿಟ್ಟು ಹೇಳಿದಾಗಲೇ ಅದರ ಅರ್ಧ ಜೋರು ಇಳಿಯುತ್ತದೆ. ಇನ್ನು, ಕುಡಿತ ಬಿಡಿಸುವ ಪುಡಿಯೆಂದು ಗೋಡೆಯ ಮೇಲೆ ಬರೆಸಿದ್ದನ್ನು ನಂಬಿ ಊಟದಲ್ಲಿ ಗುಟ್ಟಾಗಿ ಬೆರೆಸಬೇಡಿ. ಡೈಸಲ್ಫಿರಾಮ್ ಎಂಬ ಗುಳಿಗೆ ತೆಗೆದುಕೊಂಡವನು ಕುಡಿದರೆ ವಾಂತಿ, ಎದೆಬಡಿತ ಶುರುವಾಗಿ ಪ್ರಾಣಕ್ಕೇ ಎರವಾಗಬಹುದು. ಅದು ಅವನಿಗೆ ತಿಳಿದು, ಅವನು ಒಪ್ಪಿ, ವೈದ್ಯರು ಕೊಟ್ಟರೆ ಮಾತ್ರ. ತಲಬನ್ನು ತಗ್ಗಿಸುವ ಬೇರೆ ಔಷಧಗಳೂ ಇವೆ, ಕೇಳಿ ತಿಳಿಯಿರಿ. ಗುಟ್ಟಾಗಿ ಬೆರೆಸಿದ್ದು ಗೊತ್ತಾದ ದಿನ ನಂಬಿಕೆಯೂ ಹೋಗುತ್ತದೆ.

ನಮ್ಮ ಕಥೋಲಿಕ ಮನೆಗಳಿಗೂ ಒಂದು ಮಾತು ಹೇಳಲೇಬೇಕು. ಕ್ರಿಸ್ಮಸ್‌ಗೆ ಮನೆಯಲ್ಲಿ ಮಾಡಿದ ದ್ರಾಕ್ಷಿ ವೈನ್, ಮದುವೆಯಲ್ಲಿ ಗ್ಲಾಸು ಎತ್ತುವ ಪದ್ಧತಿ, ‘ಇದು ಶೆರೆ ಅಲ್ಲಪಾ, ಬರೀ ವೈನ್, ಒಂದ ಗುಟುಕು’ ಎನ್ನುವ ಮಾವಂದಿರು. ಆ ಗುಟುಕಿನ ಪಾಪ ಯಾರ ಲೆಕ್ಕಕ್ಕೆ? ಕುಡಿದವನಿಗಿಂತ ಕುಡಿಸಿದವನ ಲೆಕ್ಕಕ್ಕೆ ಹೆಚ್ಚು ಬೀಳುತ್ತದೆ ಎಂದೇ ನನ್ನ ಅಭಿಪ್ರಾಯ. ಪೂಜೆಯಲ್ಲಿ ಪರಮಪ್ರಸಾದವನ್ನು ದ್ರಾಕ್ಷಾರಸದಲ್ಲಿ ಅದ್ದಿ ಕೊಡುವ ದಿನ ಗುರುಗಳಿಗೆ ಮೊದಲೇ ಹೇಳಿ ರೊಟ್ಟಿಯ ರೂಪದಲ್ಲಿ ಮಾತ್ರ ಸ್ವೀಕರಿಸಿ. ಅದೊಂದರಲ್ಲೇ ಪ್ರಭು ಪೂರ್ಣವಾಗಿ ಇದ್ದಾರೆ. ಇದರಲ್ಲಿ ನಾಚಿಕೆಯಿಲ್ಲ. ಈ ಕಾಯಿಲೆಯಿರುವ ಗುರುಗಳಿಗೂ ಮದ್ಯದ ಅಂಶ ಏಳದ ದ್ರಾಕ್ಷಾರಸದಿಂದ ಪೂಜೆ ಅರ್ಪಿಸಲು ಬಿಷಪರು ಅನುಮತಿ ನೀಡಬಹುದೆಂದು 2003ರಲ್ಲಿ ರೋಮಿನಿಂದ ಪತ್ರವೇ ಬಂದಿದೆ.

ಒಂಟಿಯಾಗಿ ಬಿಡುವುದು ಕಷ್ಟ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಶುರುಮಾಡಿದ್ದೇ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟ. ಧರ್ಮಸ್ಥಳದ ಮದ್ಯವರ್ಜನ ಶಿಬಿರ ಮುಗಿಸಿದವರೂ ಊರಲ್ಲಿ ನವಜೀವನ ಸಮಿತಿ ಕಟ್ಟಿಕೊಂಡು ವಾರವಾರ ಸೇರುವುದುಂಟು. ನಮ್ಮ ಧರ್ಮಕೇಂದ್ರಗಳಲ್ಲಿ ಇಂಥವರಿಗೆಂದು ಪೂಜೆಯ ನಂತರ ಒಂದು ಕೋಣೆ, ನಾಲ್ಕು ಕುರ್ಚಿ ಇಡಲು ಆಗದೇ?

ಜಾರಿದರೆ? ಚೀನಾ ದೇಶದ ವೈದ್ಯ ಮಾರ್ಕ್ ಜಿ ಟಿಯಾನ್‌ಶಿಯಾಂಗ್ ಹೊಟ್ಟೆನೋವಿಗೆಂದು ಅಫೀಮು ತೆಗೆದುಕೊಂಡು ಅದಕ್ಕೇ ದಾಸನಾದ. ಮತ್ತೆ ಮತ್ತೆ ಪಾಪನಿವೇದನೆ ಮಾಡಿದ, ಮತ್ತೆ ಮತ್ತೆ ಜಾರಿದ. ಇವನಿಗೆ ಬಿಡುವ ಮನಸ್ಸೇ ಇಲ್ಲವೆಂದು ಗುರುಗಳು ಸಂಸ್ಕಾರಗಳನ್ನೇ ನಿಲ್ಲಿಸಿದರು. ಚಟವೆಂಬುದು ಕಾಯಿಲೆಯೆಂದು ಆಗ ಹೆಚ್ಚಿನವರಿಗೆ ತಿಳಿದಿರಲಿಲ್ಲ. ಮೂವತ್ತು ವರ್ಷ ಪರಮಪ್ರಸಾದವಿಲ್ಲದೆ, ಆದರೂ ಗುಡಿ ಬಿಡದೆ, ಪ್ರಾರ್ಥನೆ ಬಿಡದೆ ಬದುಕಿದ. 1900ರಲ್ಲಿ ಕ್ರೈಸ್ತರ ಹಿಂಸೆ ನಡೆದಾಗ ವಿಶ್ವಾಸ ಬಿಡಲೊಪ್ಪದೆ ಮನೆಯವರೊಂದಿಗೆ ಪ್ರಾಣ ಕೊಟ್ಟ. 2000ದ ಅಕ್ಟೋಬರ್ 1ರಂದು ಎರಡನೆಯ ಜಾನ್ ಪೌಲರು ಆತನನ್ನು ಸಂತರ ಸಾಲಿಗೆ ಸೇರಿಸಿದರು. ಅಫೀಮಿನ ಚಟ ಆತನನ್ನು ಕೊನೆಯವರೆಗೂ ಬಿಟ್ಟಿರಲಿಲ್ಲವೆಂದೇ ಹೇಳುತ್ತಾರೆ.

ಹಿಂದಿನ ಸಾಲಿನಲ್ಲಿ ಕುಳಿತ ಸಹೋದರನೇ, ಈ ಭಾನುವಾರ ಪರಮಪ್ರಸಾದದ ಹೊತ್ತಿಗೆ ಏಳು. ಸೋಮವಾರ ಸಂತೆಗೆ ಹೋಗುವುದಿದ್ದರೆ ದುಡ್ಡನ್ನು ಹೆಂಡತಿಯ ಕೈಯಲ್ಲಿಟ್ಟು, ಮಗನನ್ನು ಜೊತೆಗೆ ಕರೆದುಕೊಂಡು, ಹೊಟ್ಟೆತುಂಬ ಉಂಡು ಹೋಗು.