ಮರೆವೂ ಶುಶ್ರೂಷೆಯೂ

ಅರಿವಿಗೆ ಗುರುಸ್ಥಾನವನ್ನಿತ್ತುದು ಶರಣಧರ್ಮ. ಮರೆವನ್ನು ಅದು ಭವದ ಬೀಜವೆಂದೆಣಿಸುತ್ತದೆ. ಹಾಗಾದರೆ ವಾರ್ಧಕ್ಯದಲ್ಲಿ ಮಿದುಳು ಕ್ಷಯಿಸಿ, ಮಗನ ಹೆಸರನ್ನೂ ಉಂಡ ಅನ್ನವನ್ನೂ ಕೊರಳ ಇಷ್ಟಲಿಂಗವನ್ನೂ ಮರೆತವರ ಗತಿಯೇನು? ಶಾಸ್ತ್ರವು ನಿಂದಿಸುವ ಮರೆವು ಮೋಹಜನ್ಯವಾದುದು; ಅದಕ್ಕೆ ಜೀವನೇ ಹೊಣೆ. ವೈದ್ಯರು ಡಿಮೆನ್ಶಿಯಾ ಎನ್ನುವ ಮರೆವಾದರೋ ದೇಹದ ವ್ಯಾಧಿ. ಅದರಲ್ಲಿ ದೋಷವನ್ನರಸುವುದು ಸಲ್ಲದು. ಸ್ಮೃತಿ ಅಳಿದ ಮಾತ್ರಕ್ಕೆ ದೀಕ್ಷೆಯ ಸಂಬಂಧವೂ ಅಳಿಯುವುದಾದರೆ, ನಿದ್ರಿಸುವ ಪ್ರತಿಯೊಬ್ಬ ಭಕ್ತನೂ ರಾತ್ರಿಯೆಲ್ಲ ಭವಿಯೇ ಆಗಬೇಕಾದೀತು!

ಇಂಥ ವೃದ್ಧರನ್ನು ನೋಡಿಕೊಳ್ಳುವ ಪಾಶ್ಚಾತ್ಯ ಶುಶ್ರೂಷಾಲಯಗಳ ಅನುಭವ ವಿಚಾರಾರ್ಹವಾಗಿದೆ. ಕೂಗುವವರಿಗೆ, ಅಲೆಯುವವರಿಗೆ, ಸ್ನಾನಕ್ಕೊಲ್ಲದೆ ಕೈಯೆತ್ತುವವರಿಗೆ ಅಲ್ಲಿ ಚಿತ್ತವಿಕಾರದ ರೋಗಿಗಳಿಗೆಂದು ಸಿದ್ಧವಾದ ಔಷಧಗಳನ್ನು ಹೇರಳವಾಗಿ ಕೊಡುತ್ತಿದ್ದರು. ಇವುಗಳಿಂದ ಮರಣವು ಹೆಚ್ಚುವುದೆಂದು 2005ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿತು. 2009ರಲ್ಲಿ ಬ್ರಿಟನ್ನಿನ ಆರೋಗ್ಯ ಇಲಾಖೆಗಾಗಿ ಸಿದ್ಧವಾದ ವರದಿಯ ಅಂದಾಜಿನಂತೆ, ವರ್ಷಕ್ಕೆ 1,80,000 ಮಂದಿ ಇವನ್ನು ಸೇವಿಸುತ್ತಿದ್ದರು. ಪ್ರಯೋಜನ ಪಡೆಯುವವರು ಹೆಚ್ಚೆಂದರೆ 36,000. ಅಧಿಕವಾಗಿ ಸಾಯುವವರು 1,800. ಆ ಮಾತ್ರೆ ಯಾರ ಶಾಂತಿಗಾಗಿ ಎಂಬುದೇ ಇಲ್ಲಿಯ ಧರ್ಮಪ್ರಶ್ನೆ.

ಕೂಗಿಗೆ ಕಾರಣವಿರುತ್ತದೆ. ಹಲ್ಲುನೋವು, ಮಲಬದ್ಧತೆ, ಬಾಯಾರಿಕೆ, ಮೂತ್ರದ ಸೋಂಕು, ಕಿವಿ ಕೇಳದ ದಿಗಿಲು, ಇವನ್ನು ನುಡಿಯಲಾರದವನು ಕೂಗಿಯೇ ತಿಳಿಸಬೇಕು. ಆದುದರಿಂದ ಮೊದಲು ಕಾರಣವನ್ನರಸಿ, ಬಳಿಕ ಪರಿಚಿತವಾದ ಹಾಡು, ಕೈಗೆ ರೂಢಿಯಿದ್ದ ಕೆಲಸ, ಹಗಲ ಬೆಳಕು, ಮೃದುವಾದ ಸ್ಪರ್ಶ ಇವುಗಳಿಂದ ಸಂತೈಸುವ ಕ್ರಮವು ಈಗ ಮಾನ್ಯವಾಗಿದೆ. ರೋಗವನ್ನಲ್ಲ, ವ್ಯಕ್ತಿಯನ್ನು ಮುಂದಿಟ್ಟುಕೊಳ್ಳಬೇಕೆಂದು ಇಂಗ್ಲೆಂಡಿನ ಟಾಮ್ ಕಿಟ್‌ವುಡ್ 1997ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ಈ ಉಪಾಯಗಳು ವ್ಯಾಧಿಯನ್ನು ವಾಸಿಮಾಡಲಾರವು, ಉದ್ವೇಗವನ್ನು ಇಳಿಸಬಲ್ಲವು. ತೀವ್ರವಾದ ಅಪಾಯವನ್ನು ತಪ್ಪಿಸಲು ವೈದ್ಯನು ಅಲ್ಪಕಾಲ ಔಷಧ ಕೊಟ್ಟರೆ ಅದು ದೂಷ್ಯವಲ್ಲ. ಕೊಡುತ್ತಿರುವುದನ್ನು ಅವನನ್ನು ಕೇಳದೆ ನಿಲ್ಲಿಸುವುದೂ ಅವಿವೇಕವೇ.

ಅಡ್ಡಿಯಿರುವುದು ಬೇರೆಡೆ. ಮಾತ್ರೆ ನುಂಗಿಸಲು ನಿಮಿಷ ಸಾಕು. ಹಾಡಿ ರಮಿಸಿ ಸ್ನಾನ ಮಾಡಿಸಲು ಹೊತ್ತು ಬೇಕು, ಆಳು ಬೇಕು, ಆಳಿಗೆ ತಕ್ಕ ಸಂಬಳ ಬೇಕು. ದಾಸೋಹವೆಂದರೆ ಅನ್ನವಿಕ್ಕುವುದಷ್ಟೇ ಎಂದುಕೊಂಡವರಿಗೆ ಈ ವೆಚ್ಚ ಭಾರವಾಗಿ ತೋರುವುದು ಸಹಜ. ಆದರೆ ಮನೆಗೆ ಬಂದ ಜಂಗಮನನ್ನು ‘ನನ್ನ ಹೆಸರೇನು ಹೇಳಿರಿ’ ಎಂದು ಪರೀಕ್ಷಿಸಿದ ಮೇಲೆ ಭಕ್ತನು ಸತ್ಕರಿಸುವನೇ? ಮಗನನ್ನು ಗುರುತಿಸದ ತಾಯಿಯ ಸೇವೆಗೆ ಮಾತ್ರ ಈ ಪರೀಕ್ಷೆ ಏಕೆ?

ಹೆಸರುಗಳು ಅಳಿದರೂ ಕೈಯ ರೂಢಿ ಬಹುಕಾಲ ಉಳಿಯುವುದುಂಟು. ಅಂಥ ತಾಯಿಗೆ ಮಿಂದ ಬಳಿಕ ಭಸ್ಮವಿಟ್ಟು, ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿದರೆ, ಬೆರಳುಗಳು ತಾವಾಗಿ ಪತ್ರೆಯನ್ನು ಅರಸಬಹುದು. ಅರಸದಿದ್ದರೆ ಪಾಲಕರು ಪತ್ರೆಯನ್ನು ಆ ಬೆರಳುಗಳಿಗೆ ಹಿಡಿಸಬಹುದು.